ಸುಸ್ತು ಅಂದ್ರೆ ಎಂಥ ಸುಸ್ತು?

ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಬಡಾವಣೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ದೋಸೆ ತಿಂದು ಇನ್ನೊಂದು ನಿದ್ದೆ ಹೊಡೆಯುವ ಹೊತ್ತಿನಲ್ಲಿ, ಸುಸ್ತಿನ ಬಗ್ಗೆ ಕೇಳುವುದಕ್ಕೆ ಇಷ್ಟು ಜನ ಬಂದಿದ್ದೀರಿ. ಯಾರಾದರೂ ತೂಕಡಿಸಿದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಅದೂ ವಿಷಯಕ್ಕೆ ಸಂಬಂಧಪಟ್ಟದ್ದೇ.

ನಾನು ಫ್ಯಾಮಿಲಿ ಡಾಕ್ಟರ್. ಜ್ವರ, ಕೆಮ್ಮು, ಬೆನ್ನುನೋವು ಬಿಟ್ಟರೆ ನನ್ನ ಕ್ಲಿನಿಕ್ಕಿನಲ್ಲಿ ಜಾಸ್ತಿ ಕೇಳಿಬರುವ ಮಾತು ಇದೇ: "ಯಾಕೋ ತುಂಬಾ ಸುಸ್ತು ಮೇಡಂ." ಅಷ್ಟು ಹೇಳಿ ಸುಮ್ಮನಾಗುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಒಂದು ಡ್ರಿಪ್ ಹಾಕಿಬಿಡಿ."

ಮೊದಲು ಈ ಡ್ರಿಪ್ಪಿನ ವಿಷಯ ಮುಗಿಸಿಬಿಡೋಣ. 'ಗ್ಲೂಕೋಸ್ ಹಾಕಿಸಿಕೊಂಡು ಬಂದೆ' ಅನ್ನುತ್ತೇವಲ್ಲ, ಆ ಅರ್ಧ ಲೀಟರ್ ಬಾಟಲಿಯ ಮೇಲೆ ಏನು ಬರೆದಿದೆ ಅಂತ ಒಮ್ಮೆ ಓದಿ ನೋಡಿ. ಸಾಮಾನ್ಯವಾಗಿ 5% ಡೆಕ್ಸ್‌ಟ್ರೋಸ್ ಅಂತ ಇರುತ್ತದೆ. ಅಂದರೆ 100 ಮಿ.ಲೀ.ಗೆ 5 ಗ್ರಾಂ ಸಕ್ಕರೆ. ಇಡೀ ಬಾಟಲಿಗೆ 25 ಗ್ರಾಂ, ಐದಾರು ಟೀ ಚಮಚ. ಸುಮಾರು 100 ಕ್ಯಾಲೊರಿ. ರಾಮನವಮಿ ದಿನ ಪೆಂಡಾಲಿನಲ್ಲಿ ಎರಡು ಲೋಟ ಪಾನಕ ಕುಡಿದರೆ ಇಷ್ಟು ಆರಾಮಾಗಿ ಸಿಗುತ್ತದೆ, ಜೊತೆಗೆ ಕೋಸಂಬರಿಯನ್ನೂ ಕೊಡುತ್ತಾರೆ. ಸಲೈನ್ ಬಾಟಲಿಯಾದರೆ ಸಕ್ಕರೆಯೂ ಇಲ್ಲ. ಅರ್ಧ ಲೀಟರ್ ನೀರು, ನಾಲ್ಕೂವರೆ ಗ್ರಾಂ ಉಪ್ಪು. ವಾಂತಿ ಭೇದಿಯಾಗಿ ಹೊಟ್ಟೆಯಲ್ಲಿ ಏನೂ ನಿಲ್ಲದವರಿಗೆ ಇದು ಜೀವ ಉಳಿಸುವ ವಸ್ತು. ಸ್ಕೂಟರ್ ನಿಲ್ಲಿಸಿ, ಮೆಟ್ಟಿಲು ಹತ್ತಿಕೊಂಡು ಬಂದು 'ಸುಸ್ತು' ಅಂದವರಿಗೆ ಇದರಿಂದ ಆಗುವುದು ಅಷ್ಟರಲ್ಲೇ ಇದೆ.

ಆದರೂ ಹಾಕಿಸಿಕೊಂಡವರು ಚೇತರಿಸಿಕೊಂಡು ಹೋಗುತ್ತಾರೆ, ಅದು ನಿಜ. ಯಾಕೆ ಗೊತ್ತಾ? ಒಂದು ಗಂಟೆ ಅವರನ್ನು ಯಾರೂ ಕರೆಯುವುದಿಲ್ಲ. ಒಂದು ಕೈಗೆ ಸೂಜಿ ಇರುವುದರಿಂದ ಫೋನೂ ಬದಿಗೆ ಹೋಗುತ್ತದೆ. ಹಗಲು ಹೊತ್ತಿನಲ್ಲಿ ಸುಮ್ನೆ ಮಲಗಿರುತ್ತಾರೆ. ಮನೆಯಲ್ಲಿ ಅಷ್ಟು ಹೊತ್ತು ಯಾರು ಬಿಡುತ್ತಾರೆ? ನನ್ನ ಲೆಕ್ಕದಲ್ಲಿ ಬಾಟಲಿಗಿಂತ ಜಾಸ್ತಿ ಕೆಲಸ ಮಾಡುವುದು ಆ ಮಂಚ.

ಹಾಗಾಗಿ ಡ್ರಿಪ್ ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ: ಎಂಥ ಸುಸ್ತು? ಕೂತಲ್ಲೇ ಕಣ್ಣು ಎಳೆಯುತ್ತದಾ? ಅಥವಾ ಮನಸ್ಸಿದೆ, ಮೈ ಬರುವುದಿಲ್ಲ, ಎರಡು ಮಹಡಿ ಹತ್ತುವಷ್ಟರಲ್ಲಿ ಎದೆ ಡವಡವ ಅನ್ನುತ್ತದಾ? ಅಥವಾ ಮೈ ಚೆನ್ನಾಗಿಯೇ ಇದೆ, ಯಾವುದಕ್ಕೂ ಮನಸ್ಸೇ ಬರುವುದಿಲ್ಲವಾ? ಈ ಮೂರೂ ಬೇರೆ ಬೇರೆ. ಕಾರಣವೂ ಬೇರೆ, ಔಷಧವೂ ಬೇರೆ. ಒಬ್ಬರಲ್ಲೇ ಎರಡು ಸೇರಿಕೊಂಡಿರುವುದೂ ಉಂಟು. ಇದನ್ನು ಬಿಡಿಸಿಕೊಳ್ಳದೆ ಟಾನಿಕ್ ಕುಡಿದರೆ ದುಡ್ಡು ದಂಡ.

ಕಣ್ಣು ಎಳೆಯುವ ಸುಸ್ತಿಗೆ ಬೆಂಗಳೂರಿನಲ್ಲಿ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಲಹಂಕದಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಹೋಗುತ್ತಾ ಬರುತ್ತಾ ಮೂರ್ನಾಲ್ಕು ಗಂಟೆ ರಸ್ತೆಯಲ್ಲೇ. ರಾತ್ರಿ ಮನೆ ಸೇರಿ, ಊಟ ಮಾಡಿ, ಅಮೆರಿಕದವರ ಜೊತೆ ಇನ್ನೊಂದು ಕಾಲ್ ಮುಗಿಸುವಷ್ಟರಲ್ಲಿ ಹನ್ನೊಂದೂವರೆ. ಆಮೇಲೆ 'ಈಗಲಾದರೂ ನನ್ನ ಟೈಮು' ಅಂತ ಮೊಬೈಲ್ ಹಿಡಿದರೆ ಒಂದು ಗಂಟೆ ಆಗಿದ್ದೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಬೇಕು. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರೋಡಿನಿಂದ ಬೊಮ್ಮಸಂದ್ರದ ಕಡೆ ಹೋಗುವ ಕೆಲವರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಜಂಜಾಟ ತಪ್ಪಿತು ಅನ್ನುತ್ತಾರೆ. ಉಳಿದ ಸಮಯ ನಿದ್ದೆಗೆ ಹೋಯಿತಾ ಅಂತ ಕೇಳಿದರೆ ನಗುತ್ತಾರೆ.

"ನನಗೆ ಆರು ಗಂಟೆ ಸಾಕು, ಅಭ್ಯಾಸ ಆಗಿಬಿಟ್ಟಿದೆ" ಅನ್ನುವವರು ಈ ಸಭೆಯಲ್ಲೂ ಇದ್ದೀರಿ. ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು ಅನ್ನುವುದು ನಿದ್ದೆಯ ತಜ್ಞರ ಮಾತು. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. ಆರೋಗ್ಯವಾಗಿದ್ದವರನ್ನೇ ಆರಿಸಿ, ಎರಡು ವಾರ, ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6, ಇನ್ನು ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ದಿನವೂ ಅವರ ಗಮನ, ಚುರುಕು ಅಳೆದರು. 6 ಗಂಟೆಯವರದ್ದೂ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. ಕೊನೆಗೆ ಇಡೀ ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಬಂತು. ನನಗೆ ಭಯ ಹುಟ್ಟಿಸುವುದು ಇದಲ್ಲ. ಅವರನ್ನು 'ಹೇಗಿದ್ದೀರಿ' ಅಂತ ಕೇಳಿದರೆ, ಸ್ವಲ್ಪ ನಿದ್ದೆ ಬರುತ್ತಿದೆ ಅಷ್ಟೇ ಅನ್ನುತ್ತಿದ್ದರು. ಎಷ್ಟು ಮಂಕಾಗಿದ್ದೇವೆ ಅನ್ನುವುದು ಅವರಿಗೇ ತಿಳಿಯುತ್ತಿರಲಿಲ್ಲ. ಅಭ್ಯಾಸ ಆಗಿದೆ ಅಂತ ನಾವು ಅನ್ನುವುದು ಇದನ್ನೇ.

ಈಗ ಕಾಫಿ. ಬಸವನಗುಡಿಯಲ್ಲಿ ನಿಂತು ಕಾಫಿ ವಿರುದ್ಧ ಮಾತಾಡಿ ಬದುಕಿ ಹೋಗುವ ಧೈರ್ಯ ನನಗಿಲ್ಲ, ನಾನೂ ಕುಡಿಯುವವಳೇ. ಆದರೆ ಅದು ಮಾಡುವ ಕೆಲಸ ಏನು ಅಂತ ಗೊತ್ತಿರಲಿ. ನಾವು ಎಚ್ಚರವಾಗಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ನಮಗೆ ನಿದ್ದೆ ಎಳೆಯುತ್ತದೆ. ಕೆಫೀನ್ ಬಂದು ಆ ಜಾಗವನ್ನು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಹಿಡಿದುಕೊಳ್ಳುತ್ತದೆ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ, ನಿಂತೇ ಇರುತ್ತದೆ. ಕೆಫೀನ್ ಇಳಿದ ಕೂಡಲೇ ಒಟ್ಟಿಗೇ ನುಗ್ಗುತ್ತದೆ. ಮೈಯಲ್ಲಿರುವ ಕೆಫೀನ್ ಅರ್ಧ ಇಳಿಯುವುದಕ್ಕೆ ಸುಮಾರು 5 ಗಂಟೆ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಆರಕ್ಕೆ ಒಂದು ಸ್ಟ್ರಾಂಗ್ ಕುಡಿದವರಿಗೆ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಒಳಗಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬೇಡ ಅನ್ನುವುದು ನನ್ನ ಸಲಹೆ. ಬಿಡಲಾಗದವರು ಬೈ-ಟೂ ಮಾಡಿಕೊಳ್ಳಿ.

ಮದ್ಯದ ಬಗ್ಗೆ ಒಂದೇ ಮಾತು. ಬೇಗ ನಿದ್ದೆ ಹತ್ತಿಸುತ್ತದೆ, ಅದು ಸರಿ. ಬೆಳಗಿನ ಜಾವದ ನಿದ್ದೆಯನ್ನು ಚೂರು ಚೂರು ಮಾಡುತ್ತದೆ.

ಇನ್ನು ಮನಸ್ಸಿದ್ದೂ ಮೈ ಬಾರದ ಸುಸ್ತು. ಇದರಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಸುಲಭವಾಗಿ ವಾಸಿಯಾಗುವ ಕಾಯಿಲೆಯನ್ನು ನಮ್ಮ ಹೆಂಗಸರು ವರ್ಷಗಟ್ಟಲೆ ಹೊತ್ತುಕೊಂಡು ಓಡಾಡುತ್ತಾರೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬಾಕೆ ಬಂದಿದ್ದಳು. ಮೂವತ್ತೈದರ ಆಸುಪಾಸು. ತಲೆನೋವಿಗೆ ಮಾತ್ರೆ ಬೇಕು ಅಂತ ಬಂದವಳು, ಸುಸ್ತಿನ ಮಾತನ್ನು ಎದ್ದು ಹೋಗುವಾಗ ಹೇಳಿದಳು. ಮತ್ತೆ ಕೂರಿಸಿ ಕೆಳಗಿನ ರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳುಚಿಕೊಂಡಿತ್ತು. "ಅಕ್ಕಿ ಆರಿಸುವಾಗ ಬಾಯಿಗೆ ಹಾಕಿಕೊಳ್ತೀಯೇನಮ್ಮಾ?" ಅಂತ ಕೇಳಿದೆ. ನಾಚಿಕೊಂಡಳು. "ಹೂಂ ಮೇಡಂ, ನಿಮಗೆ ಹೆಂಗೆ ಗೊತ್ತಾಯ್ತು? ದಿನಾ ಒಂದು ಮುಷ್ಟಿ ಆದ್ರೂ ತಿಂತೀನಿ." ಮುಟ್ಟು ಎಷ್ಟು ದಿನ ಇರುತ್ತದೆ ಅಂದೆ. "ಎಂಟು ದಿನ. ಎಲ್ಲರಿಗೂ ಹಂಗೇ ಅಲ್ವಾ?" ಅಂದಳು. ಹಿಮೋಗ್ಲೋಬಿನ್ ಎಂಟಕ್ಕಿಂತ ಕಡಿಮೆ ಇತ್ತು. ಹೆಂಗಸರಿಗೆ 12, ಗಂಡಸರಿಗೆ 13 ಇರಬೇಕು. ಅಷ್ಟು ಕಡಿಮೆ ರಕ್ತದಲ್ಲೇ ಅವಳು ಇಡೀ ದಿನ ಮಿಷನ್ ತುಳಿದು, ಸಂಜೆ ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ ಕಬ್ಬಿಣದ ಕೊರತೆಯ ಗುರುತು. ಮನೆಯಲ್ಲಿ ಇದನ್ನು ಚಟ ಅಂತ ಬೈಯುತ್ತಾರೆ.

2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಅಂದರೆ ಈ ಸಭೆಯಲ್ಲಿ ಆ ವಯಸ್ಸಿನ ಹೆಂಗಸರನ್ನು ಒಬ್ಬರು ಬಿಟ್ಟು ಒಬ್ಬರು ಎಣಿಸಬಹುದು.

ಕಬ್ಬಿಣದ ಮಾತ್ರೆ ಕೊಟ್ಟರೆ ಹತ್ತು ದಿನ ನುಂಗಿ ಬಿಟ್ಟುಬಿಡುತ್ತಾರೆ. ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಗಾಗುತ್ತದೆ. ಕಪ್ಪಗಾಗುವುದು ಮಾತ್ರೆಯಿಂದಲೇ, ಹೆದರಬೇಡಿ. ಹೊಟ್ಟೆ ತಡೆಯದಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದು. ಮಾತ್ರೆಯ ಆಸುಪಾಸಿನಲ್ಲಿ, ಊಟದ ಜೊತೆಯಲ್ಲೂ, ಕಾಫಿ ಟೀ ಬೇಡ. ಕಬ್ಬಿಣ ಮೈಗೆ ಹತ್ತದಂತೆ ಅವು ತಡೆಯುತ್ತವೆ. ನಿಂಬೆಹಣ್ಣಿನ ರಸ ಹತ್ತಿಸುತ್ತದೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಬೇರೆ ಹೊತ್ತಿಗೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಇಲ್ಲದಿದ್ದರೆ ಮೈಯಲ್ಲಿ ದಾಸ್ತಾನು ತುಂಬುವುದಿಲ್ಲ. ಇದರ ಜೊತೆ, ಎಂಟು ದಿನ ರಕ್ತ ಯಾಕೆ ಹೋಗುತ್ತಿದೆ ಅಂತ ನೋಡಲೇಬೇಕು. ಬರೀ ಮಾತ್ರೆ ಕೊಟ್ಟು ಕಳಿಸಿದರೆ ಒಂದು ಕಡೆ ತುಂಬಿಸುವುದು, ಇನ್ನೊಂದು ಕಡೆ ಸೋರುವುದು.

"ಬೀಟ್‌ರೂಟ್ ತಿಂದರೆ ರಕ್ತ ಆಗುತ್ತದೆ ಅಲ್ವಾ" ಅಂತ ಮುಂದಿನ ಸಾಲಿನಲ್ಲಿ ಯಾರೋ ಅಂದರು. ಬಣ್ಣ ಕೆಂಪು, ಅಷ್ಟೇ. ಬೀಟ್‌ರೂಟ್, ದಾಳಿಂಬೆ ಎರಡರಲ್ಲೂ ಕಬ್ಬಿಣ ತೀರಾ ಕಡಿಮೆ. ರಾಗಿ ಒಳ್ಳೆಯದೇ, ಆದರೆ ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ. ಕಾಳು, ಸೊಪ್ಪು ತಿನ್ನಿ, ಮೇಲೆ ನಿಂಬೆ ಹಿಂಡಿಕೊಳ್ಳಿ. ತಿನ್ನುವವರಿಗೆ ಮಾಂಸ, ಅದರಲ್ಲೂ ಲಿವರ್. ಹಿಮೋಗ್ಲೋಬಿನ್ ತೀರಾ ಕೆಳಗಿದ್ದರೆ ಊಟ ಒಂದರಿಂದಲೇ ಮೇಲಕ್ಕೆ ಬರುವುದಿಲ್ಲ, ಮಾತ್ರೆ ಬೇಕು.

ಗಂಡಸರು ಇದು ನಮ್ಮ ವಿಷಯ ಅಲ್ಲ ಅಂತ ಫೋನ್ ನೋಡುತ್ತಿದ್ದೀರಿ. ಐವತ್ತು ದಾಟಿದ ಗಂಡಸಿಗೆ ಕಬ್ಬಿಣ ಕಡಿಮೆಯಾಗಿದ್ದರೆ ಅದು ಇನ್ನೂ ಗಂಭೀರ. ತಿಂಗಳು ತಿಂಗಳು ರಕ್ತ ಹೋಗದ ಮೈಯಲ್ಲಿ ಕಬ್ಬಿಣ ಎಲ್ಲಿಗೆ ಹೋಯಿತು? ಹೊಟ್ಟೆಯಲ್ಲೋ ಕರುಳಿನಲ್ಲೋ ಸೋರುತ್ತಿರಬಹುದು. ಮಾತ್ರೆ ನುಂಗಿ ಸುಮ್ಮನಾಗಬೇಡಿ, ಪರೀಕ್ಷೆ ಮಾಡಿಸಿ.

ವಿಟಮಿನ್ ಬಿ12 ಬಗ್ಗೆ ಬೇಗ ಹೇಳುತ್ತೇನೆ. ಇದು ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಗತಿ. ಮಜ್ಜಿಗೆಗೆ ನೀರು ಜಾಸ್ತಿಯಾದಷ್ಟೂ ಬಿ12 ಕಡಿಮೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, 'ಗ್ಯಾಸ್ ಮಾತ್ರೆ' ಅಂತ ಬೆಳಿಗ್ಗೆ ಎದ್ದ ಕೂಡಲೇ ಒಂದು ನುಂಗುವುದನ್ನು ವರ್ಷಗಳಿಂದ ನಡೆಸಿಕೊಂಡು ಬಂದವರಲ್ಲಿ ಇದು ಇನ್ನೂ ಕುಸಿಯುತ್ತದೆ. ಸುಸ್ತಿನ ಜೊತೆ ಪಾದ ಜುಮ್ಮೆನ್ನುವುದು, ಉರಿಯುವುದು ಇದ್ದರೆ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಾತ್ರೆಯವರಿಗೆ ಒಂದೇ ಕಿವಿಮಾತು: ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬೇಡಿ. ಮಾತ್ರೆಯನ್ನು ಕಾಫಿ ಜೊತೆ ಕುಡಿದು, ಡೋಸ್ ಏರಿಸಿಕೊಂಡು ಹೋಗುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ.

ಇನ್ನೊಂದು, ಈ ಊರಿನದೇ ಸಮಸ್ಯೆ. ಮೂಗು. ಬೆಂಗಳೂರಿಗೆ ಬಂದ ಮೇಲೆ ಸೀನು ಶುರುವಾಯಿತು ಅನ್ನುವವರು ಎಷ್ಟು ಜನ! ಸೀನಿಗೆ ಮೆಡಿಕಲ್ ಶಾಪಿನಿಂದ ದಿನಾ ಒಂದು ಸೆಟಿರಿಜಿನ್. ಅದು ಎಷ್ಟೋ ಜನರಿಗೆ ಮಂಪರು ತರುತ್ತದೆ. ರಾತ್ರಿ ತಡವಾಗಿ ನುಂಗಿ ಬೆಳಿಗ್ಗೆ 'ಯಾಕೋ ಎದ್ದೇಳೋಕೇ ಆಗಲ್ಲ' ಅಂತ ನನ್ನ ಮುಂದೆ ಕೂರುತ್ತಾರೆ. ಕೆಲವು ಬಿ.ಪಿ. ಮಾತ್ರೆಗಳೂ ಸುಸ್ತು ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯಿರಿ.

ಯಾವ ಪರೀಕ್ಷೆ ಮಾಡಿಸಬೇಕು? ಎಂಬತ್ತು ತೊಂಬತ್ತು ಟೆಸ್ಟುಗಳ 'ಫುಲ್ ಬಾಡಿ' ಪ್ಯಾಕೇಜು ನನಗೆ ಹಿಡಿಸುವುದಿಲ್ಲ. ಅಷ್ಟು ಟೆಸ್ಟ್ ಮಾಡಿಸಿದರೆ ಯಾವುದೋ ಎರಡು ದಪ್ಪ ಅಕ್ಷರದಲ್ಲಿ ಬಂದೇ ಬರುತ್ತವೆ, ಆಮೇಲೆ ಅದರದೇ ಚಿಂತೆ. ರಕ್ತದ ಎಣಿಕೆ, ಸಕ್ಕರೆ, ಥೈರಾಯ್ಡ್, ಕಿಡ್ನಿಗೆ ಒಂದು. ನಿಮ್ಮ ಕಥೆ ಕೇಳಿದ ಮೇಲೆ ಬೇಕಾದರೆ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ), ಬಿ12. ಬಹಳ ಜನರಿಗೆ ಇಷ್ಟು ಸಾಕು. ಹಿಮೋಗ್ಲೋಬಿನ್, ಸಕ್ಕರೆಯಂಥ ಸರಳ ಪರೀಕ್ಷೆಗಳು ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ಉಚಿತ. ಆದರೆ ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ, ಕಾಲು ಊದಿದರೆ, ನಡೆದರೆ ಎದೆ ಹಿಡಿದಂತಾದರೆ ಪ್ಯಾಕೇಜು ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಮೂರನೆಯದು, ಮನಸ್ಸು ಬಾರದ ಸುಸ್ತು. ಎಲ್ಲ ರಿಪೋರ್ಟೂ ಸರಿ ಬಂದಾಗ "ಅಯ್ಯೋ ಏನೂ ಇಲ್ವಾ" ಅಂತ ಬೇಸರಪಡುವವರನ್ನು ನೋಡಿದ್ದೇನೆ. ಕಾಯಿಲೆ ಇದ್ದಿದ್ದರೆ ಮಲಗುವುದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು ಅಂತ. ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಇಷ್ಟಪಟ್ಟು ಮಾಡುತ್ತಿದ್ದದ್ದೂ ಬೇಡವಾಗುವುದು, ಎರಡು ವಾರಕ್ಕಿಂತ ಜಾಸ್ತಿ ಹೀಗೇ ನಡೆಯುವುದು, ಇವು ಖಿನ್ನತೆಯ ಲಕ್ಷಣಗಳು. ಇದು ಸೋಮಾರಿತನ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ಇಲ್ಲೇ ನಿಮ್ಹಾನ್ಸ್‌ನಲ್ಲಿದೆ.

ಎಲ್ಲ ಸುಸ್ತೂ ಕಾಯಿಲೆಯೂ ಅಲ್ಲ. ಕೆಲಸವೇ ಜಾಸ್ತಿ ಇದ್ದರೆ ಸುಸ್ತಾಗದೆ ಇನ್ನೇನಾಗಬೇಕು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವಂತೆ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಈ 88, ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರು ಈ ಲೆಕ್ಕಕ್ಕೇ ಬರುವುದಿಲ್ಲ. ಇದರ ಮೇಲೆ ಯಾವ ಸಮೀಕ್ಷೆಗೂ ಸರಿಯಾಗಿ ಸಿಗದ ಕೆಲಸ ಒಂದಿದೆ, ನೆನಪಿಟ್ಟುಕೊಳ್ಳುವುದು. ಕಾವೇರಿ ನೀರು ಇವತ್ತು ಬಿಡುತ್ತಾರಾ ನಾಳೆಯಾ, ಸಿಲಿಂಡರ್ ಯಾವಾಗ ಬುಕ್ ಮಾಡಿದ್ದು, ಅತ್ತೆಯ ಬಿ.ಪಿ. ಮಾತ್ರೆ ಎಷ್ಟು ಉಳಿದಿದೆ, ಸ್ಕೂಲ್ ಫೀಸಿಗೆ ಕೊನೆಯ ದಿನ ಯಾವುದು. ಮನೆಯಲ್ಲಿ ಒಬ್ಬರ ತಲೆಯೊಳಗೆ ಇಷ್ಟೂ ಓಡುತ್ತಿರುತ್ತದೆ. "ಹೇಳಿದ್ರೆ ಮಾಡ್ತಿದ್ದೆನಲ್ಲ" ಅನ್ನುವ ಗಂಡಂದಿರೇ, ಹೇಳುವುದೂ ಒಂದು ಕೆಲಸ. ನಾನು ಕೆಲವು ದಂಪತಿಗಳಿಗೆ ಔಷಧಿ ಚೀಟಿಯಲ್ಲೇ ಬರೆದುಕೊಟ್ಟಿದ್ದೇನೆ: ಹಾಲು ಇವರ ಜವಾಬ್ದಾರಿ. ತರುವುದು ಮಾತ್ರ ಅಲ್ಲ, ಮುಗಿಯುತ್ತಾ ಬಂದಿದೆ ಅಂತ ನೋಡುವುದೂ ಸೇರಿ. ನಕ್ಕರು, ಆದರೆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದಾರಂತೆ.

ವ್ಯಾಯಾಮದ ಮಾತು ಎತ್ತಿದರೆ 'ಸುಸ್ತಾದವರಿಗೆ ವ್ಯಾಯಾಮನಾ?' ಅಂತೀರಿ. ಹೌದು. ಕೂತೇ ಇರುವ ಮೈಗೆ ಸುಸ್ತು ಜಾಸ್ತಿ. ಜಾರ್ಜಿಯಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವಾಗಲೂ ಸುಸ್ತು ಅನ್ನುತ್ತಿದ್ದ ಯುವಕ ಯುವತಿಯರಿಗೆ ವಾರಕ್ಕೆ ಮೂರು ದಿನ, 20 ನಿಮಿಷ ಸೈಕಲ್ ತುಳಿಸಿದರು. ಜೋರಾಗಿ ತುಳಿದವರಿಗಿಂತ ನಿಧಾನವಾಗಿ ತುಳಿದವರ ಸುಸ್ತೇ ಜಾಸ್ತಿ ಇಳಿಯಿತು. ಹಾಗಾಗಿ ಜಿಮ್ಮಿಗೆ ವರ್ಷದ ಫೀಸು ಕಟ್ಟಬೇಡಿ. ಲಾಲ್‌ಬಾಗಿನಲ್ಲಿ ಮಾತಾಡಿಕೊಂಡು ನಡೆದರೂ ಸಾಕು. ಆದರೆ ಕೋವಿಡ್ಡಿನಂಥ ಸೋಂಕಿನ ಜ್ವರ ಬಂದು ಹೋದ ಮೇಲೆ ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು ಉಳಿಯುತ್ತದೆ. ಅವರಲ್ಲಿ ಕೆಲವರು ಒಂದು ದಿನ ನಡೆದರೆ ಮರುದಿನ, ಅದರ ಮರುದಿನ ಹಾಸಿಗೆ ಹಿಡಿಯುತ್ತಾರೆ. ಅವರನ್ನು 'ಎದ್ದು ಓಡಾಡು' ಅಂತ ಒತ್ತಾಯ ಮಾಡಬಾರದು. ಅವರ ದಾರಿಯೇ ಬೇರೆ.

ಇನ್ನು ಪ್ರಶ್ನೆಗಳು.

ಮಧ್ಯಾಹ್ನ ಮಲಗಬಹುದಾ ಅಂತ ಒಬ್ಬ ಹಿರಿಯರು ಕೇಳಿದರು. ಮಲಗಿ ಸಾರ್. ಮಧ್ಯಾಹ್ನ ಒಂದರಿಂದ ಮೂರರ ನಡುವೆ ಮೈಯ ಗಡಿಯಾರವೇ ಸ್ವಲ್ಪ ಇಳಿಯುತ್ತದೆ. ಅನ್ನವನ್ನು ಒಂದೇ ಬೈಯುವುದು ನ್ಯಾಯ ಅಲ್ಲ. ಅಲಾರಾಂ ಇಟ್ಟು 20 ನಿಮಿಷ, ಮೂರು ಗಂಟೆಯ ಒಳಗೆ. ಎರಡು ಗಂಟೆ ಮಲಗಿದರೆ ಏಳುವಾಗ ಇನ್ನೂ ಮಂಕು, ರಾತ್ರಿ ನಿದ್ದೆಯೂ ಹೋಯಿತು.

ಮಗಳು ತಂದುಕೊಟ್ಟ ಮಲ್ಟಿವಿಟಮಿನ್ ತೆಗೆದುಕೊಳ್ಳಲಾ ಅಂತ ಒಬ್ಬ ತಾಯಿ ಕೇಳಿದರು. ತಗೊಳ್ಳಿ, ಮಗಳಿಗೆ ಖುಷಿಯಾಗುತ್ತದೆ. ರಕ್ತ ಪರೀಕ್ಷೆಯನ್ನೂ ಅವಳ ಕೈಯಲ್ಲೇ ಮಾಡಿಸಿ.

ಕೊನೆಯ ಪ್ರಶ್ನೆ ಒಬ್ಬ ಹೆಣ್ಣುಮಗಳದ್ದು. ಗಂಡ ಎಂಟು ಗಂಟೆ ಮಲಗುತ್ತಾರೆ, ಆದರೂ ಬೆಳಿಗ್ಗೆ ತಲೆ ಭಾರ, ಸಿಗ್ನಲ್ಲಿನಲ್ಲಿ ಕಾರು ನಿಂತರೆ ತೂಕಡಿಸುತ್ತಾರೆ. ಗೊರಕೆ ಪಕ್ಕದ ಮನೆಗೂ ಕೇಳುತ್ತದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ 'ನಾನು ಗೊರಕೆ ಹೊಡೆಯೋದೇ ಇಲ್ಲ' ಅನ್ನುತ್ತಾರೆ. ಇದು ಸ್ಲೀಪ್ ಆ್ಯಪ್ನಿಯಾ ಇರಬಹುದಮ್ಮಾ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಹತ್ತು ಸೆಕೆಂಡಿಗೂ ಜಾಸ್ತಿ ನಿಲ್ಲುತ್ತದೆ. ಉಸಿರು ಕಟ್ಟಿ ಮೆದುಳು ಎಚ್ಚರಗೊಳ್ಳುತ್ತದೆ, ಮತ್ತೆ ನಿದ್ದೆ, ಮತ್ತೆ ಕಟ್ಟುವುದು. ಒಂದು ರಾತ್ರಿಗೆ ನೂರಾರು ಸಲ ಹೀಗಾಗಬಹುದು, ಮಲಗಿದವರಿಗೆ ನೆನಪೇ ಇರುವುದಿಲ್ಲ. ಬಿ.ಪಿ. ಏರುತ್ತದೆ, ಹೃದಯಕ್ಕೂ ತೊಂದರೆ. ಪತ್ತೆಯಾದರೆ ರಾತ್ರಿ ಮಾಸ್ಕಿನಲ್ಲಿ ಗಾಳಿ ಕೊಡುವ ಸಣ್ಣ ಯಂತ್ರ ಇದೆ, ತೂಕ ಇಳಿಸಿದರೂ ಅನುಕೂಲ. ಅಲ್ಲಿಯ ತನಕ ದೂರದ ಡ್ರೈವಿಂಗ್ ಬೇಡ ಅನ್ನಿ. ವಾದ ಮಾಡಬೇಡಿ. ರಾತ್ರಿ ಗೊರಕೆ ಜೋರಾಗಿದ್ದಾಗ ಫೋನಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಳ್ಳಿ. ಗೊರಕೆ ನಿಂತು, ನಿಶ್ಶಬ್ದವಾಗಿ, ಆಮೇಲೆ ಧಡಕ್ಕನೆ ಉಸಿರು ಎಳೆಯುವುದು ಅದರಲ್ಲಿ ಬರಬೇಕು. ಬೆಳಿಗ್ಗೆ ಕಾಫಿ ಕೊಟ್ಟು ತೋರಿಸಿ. ಆಮೇಲೂ ಒಪ್ಪದಿದ್ದರೆ ವಿಡಿಯೋ ಹಿಡಿದುಕೊಂಡು ನೀವೊಬ್ಬರೇ ಬನ್ನಿ, ನಾನು ಅವರಿಗೆ ಫೋನ್ ಮಾಡುತ್ತೇನೆ.